ಮರುವಾಯಿ ತರಕಾರಿಯಲ್ಲ

ನಮ್ಮ ಸಮಾಜದ ವಿದ್ಯಾವಂತ ತರುಣರಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ವಾದ ಹಬ್ಬುತ್ತಿದೆ. ಹೊಳೆಗಳು ಕಡಲನ್ನು ಸೇರುವೆಡೆಯ ಮರಳುಗೆಸರಿನಲ್ಲಿ ಬದುಕುವ ಮರುವಾಯಿ, ಸಿಂಪಿ ಮೊದಲಾದ ಚಿಪ್ಪುಜೀವಿಗಳಿಗೆ ಮೆದುಳಿಲ್ಲ. ಮೆದುಳಿಲ್ಲದ ಮೇಲೆ ನೋವಿಲ್ಲ. ನೋವಿಲ್ಲದ ಮೇಲೆ ಅವನ್ನು ತಿಂದರೆ ಹಿಂಸೆಯಿಲ್ಲ. ಆದುದರಿಂದ ಅವನ್ನು ಸೊಪ್ಪು ತರಕಾರಿಗಳ ಸಾಲಿನಲ್ಲಿಯೇ ಎಣಿಸಬಹುದು ಎಂಬುದು ಆ ವಾದದ ಸಾರ. ಹಾಲು ಮೊಸರನ್ನೂ ಬಿಟ್ಟ ವೀಗನ್ ಪಂಥದವರಲ್ಲಿ ಕೆಲವರು ಪಶ್ಚಿಮ ದೇಶಗಳಲ್ಲಿ ಹೀಗೆ ವಾದಿಸುತ್ತಾರೆ. ಅಲ್ಲಿ ಓದಲು ಹೋದ ನಮ್ಮ ಮಕ್ಕಳು ಅದನ್ನು ಕೇಳಿ ಬಂದು ಮನೆಯಲ್ಲಿ ತಂದೆತಾಯಿಗಳ ಮುಂದಿಡುತ್ತಾರೆ. ಬಿ 12 ಜೀವಸತ್ವದ ಕೊರತೆಯ ಮಾತೂ ಇದರ ಜೊತೆಗೆ ಬರುತ್ತದೆ. ಚಿಪ್ಪುಜೀವಿಗಳ ಮಾಂಸದಲ್ಲಿ ಆ ಸತ್ವ ಹೇರಳವಾಗಿರುವುದು ನಿಜವೇ ಆದುದರಿಂದ ತಂದೆತಾಯಿಗಳು ಉತ್ತರ ಹೊಳೆಯದೆ ಸುಮ್ಮನಾಗುತ್ತಾರೆ.

ಹಿರಿಯರಲ್ಲಿ ಅನೇಕರು ಈ ವಾದವನ್ನು ಕೇಳಿ ನಕ್ಕುಬಿಡುತ್ತಾರೆ. ನಗುವುದರಿಂದ ವಾದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಮೇಲಾಗಿ, ನಗುವ ಅಧಿಕಾರ ನಮಗೆ ಎಷ್ಟರ ಮಟ್ಟಿಗೆ ಇದೆ ಎಂಬುದನ್ನೂ ಪರೀಕ್ಷಿಸಬೇಕಾಗಿದೆ. ತರುಣರ ವಾದ ತಪ್ಪೆಂದು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ಮರುವಾಯಿಯನ್ನು ಬಾಯಿಗಿಡದ ನಾವು ಅದೇ ಮರುವಾಯಿಯ ಚಿಪ್ಪನ್ನು ಬಸದಿಯ ಗೋಡೆಗೆ ಬಳಿಯುತ್ತಿರುವುದು ಸರಿಯೇ ಎಂದು ಕೇಳುವುದು ಎರಡನೆಯ ಉದ್ದೇಶ.

ಮೊದಲು ಜೀವಿಯ ಪರಿಚಯವಾಗಲಿ. ತುಳುನಾಡಿನಲ್ಲಿ ಮರುವಾಯಿ ಎಂದೂ ಉತ್ತರ ಕನ್ನಡದ ತೀರದಲ್ಲಿ ಬಳಚು ಎಂದೂ ಕರೆಯುವ ಜೀವಿಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಮುಖ್ಯವಾದುದು ವಿಜ್ಞಾನಿಗಳು ಪಾಫಿಯಾ ಮಲಬಾರಿಕಾ ಎಂದು ಹೆಸರಿಸಿರುವ ಜಾತಿ. ಮಲಬಾರಿನ ಹೆಸರನ್ನೇ ಹೊತ್ತ ಈ ಜೀವಿ ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳ ಆಳವಿಲ್ಲದ ನೀರಿನ ತಳದಲ್ಲಿ, ಮರಳು ಬೆರೆತ ಕೆಸರಿನೊಳಗೆ ಕೆಲವೇ ಅಂಗುಲ ಆಳದಲ್ಲಿ ಹುದುಗಿರುತ್ತದೆ. ಎರಡು ಚಿಪ್ಪುಗಳು ಬೆನ್ನಿನ ಕಡೆ ಬಿಜಾಗರಿಯಂತೆ ಸೇರಿಕೊಂಡಿರುತ್ತವೆ. ಅವುಗಳ ಮೇಲೆ ಸುತ್ತುಸುತ್ತಾಗಿ ಎದ್ದ ಗೆರೆಗಳಿರುತ್ತವೆ. ಒಳಗಿನ ಮೃದುವಾದ ದೇಹದಿಂದ ಎರಡು ಕೊಳವೆಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಆ ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಕಣಗಳೇ ಅದರ ಆಹಾರ. ಅದು ಯಾರನ್ನೂ ಬೆನ್ನಟ್ಟುವುದಿಲ್ಲ, ಯಾರನ್ನೂ ಕಚ್ಚುವುದಿಲ್ಲ. ತನ್ನ ಪಾಲಿಗೆ ಬಂದ ನೀರನ್ನು ಸೋಸಿ ತಿಳಿಗೊಳಿಸಿ ಬಿಡುತ್ತದೆ.

ಇದು ಅಲುಗಾಡದ ವಸ್ತುವೆಂದು ತಿಳಿಯುವುದು ತಪ್ಪು. ಅದಕ್ಕೆ ಕೊಡಲಿಯ ಅಲಗಿನ ಆಕಾರದ ಒಂದು ಮಾಂಸಲವಾದ ಪಾದವಿದೆ. ಅದನ್ನು ಹೊರಚಾಚಿ, ಕೆಸರನ್ನು ಅಗೆದು, ಬೇಕಾದಾಗ ಆಳಕ್ಕಿಳಿಯುತ್ತದೆ. ಕೊಳವೆಯ ತುದಿಯಲ್ಲಿ ಸಣ್ಣ ಸಣ್ಣ ಸ್ಪರ್ಶಾಂಗಗಳಿವೆ. ಅವುಗಳಿಗೆ ಏನಾದರೂ ತಗಲಿದೊಡನೆ ಕೊಳವೆ ಒಳಕ್ಕೆ ಸರಿಯುತ್ತದೆ. ಬರುವ ನೀರಿನ ಗುಣವನ್ನು ಅದು ಅರಿಯಬಲ್ಲುದು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಉಪ್ಪು ಮಿತಿಮೀರಿ ತಗ್ಗಿದಾಗ ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತದೆ. ಮೆದುಳೆಂಬ ಒಂದೇ ಗಡ್ಡೆ ಇಲ್ಲದಿದ್ದರೂ ನರಗಳ ಗಂಟುಗಳು ಮೂರು ಜೊತೆ ಇವೆ: ಬಾಯಿಯ ಬಳಿ ಒಂದು, ಪಾದದಲ್ಲಿ ಒಂದು, ಒಳ ಅವಯವಗಳ ಬಳಿ ಒಂದು. ಮೇಲು ಕೆಳಗುಗಳನ್ನು ಅರಿಯುವ ಸಮತೋಲದ ಅಂಗವೂ ಇದೆ. ಇಷ್ಟನ್ನೂ ಯಾವುದೇ ಪ್ರಾಣಿಶಾಸ್ತ್ರದ ಪಠ್ಯಪುಸ್ತಕದಲ್ಲಿ ಓದಬಹುದು.

ಈಗ ಶಾಸ್ತ್ರದ ಕಡೆಗೆ ಬರೋಣ. ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ದ್ವೀಂದ್ರಿಯ ಜೀವಗಳನ್ನು ಹೆಸರಿಸುವಾಗ ಶಂಬೂಕ, ಶಂಖಗಳೊಡನೆ 'ಸಿಪ್ಪಿ'ಯನ್ನೂ ಹೇಳಿದ್ದಾರೆ. ಆ ಪ್ರಾಕೃತ ಶಬ್ದಕ್ಕೂ ನಮ್ಮ ಸಿಂಪಿ, ಚಿಪ್ಪುಗಳಿಗೂ ಇರುವ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಸ್ಪರ್ಶನ ಮತ್ತು ರಸನ ಎಂಬ ಎರಡು ಇಂದ್ರಿಯಗಳು, ಕಾಯಬಲ, ವಚನಬಲ, ಆಯುಷ್ಯ, ಶ್ವಾಸೋಚ್ಛ್ವಾಸ, ಹೀಗೆ ಆರು ಪ್ರಾಣಗಳು ಅದಕ್ಕುಂಟು. ಗಿಡಮರಗಳಿಗಾದರೋ ನಾಲ್ಕೇ ಪ್ರಾಣಗಳು. ಈ ಭೇದ ಯಾವುದೋ ಸೂಕ್ಷ್ಮ ಚರ್ಚೆಯ ವಿಷಯವಲ್ಲ. ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ತೊರೆಯುತ್ತಾನೆ. ಏಕೇಂದ್ರಿಯಗಳ ವಿಷಯದಲ್ಲಿ ಅವನಿಗೆ ಅನಿವಾರ್ಯತೆಯ ಸಡಿಲವಿದೆ, ದ್ವೀಂದ್ರಿಯಗಳ ವಿಷಯದಲ್ಲಿ ಇಲ್ಲ. ತರಕಾರಿಗೂ ಮರುವಾಯಿಗೂ ನಡುವೆ ಇರುವ ಗೆರೆ ಇದೇ.

ಕೆಲವರು ಜಾಣತನದಿಂದ, ಮರುವಾಯಿ ಒಂದೆಡೆ ಹುದುಗಿಯೇ ಇರುವುದಾದ್ದರಿಂದ ಅದು ಸ್ಥಾವರವೇ ಅಲ್ಲವೆ ಎಂದು ಕೇಳುವುದುಂಟು. ಈ ಪ್ರಶ್ನೆಗೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಚಲಿಸುವುದೆಲ್ಲ ತ್ರಸ, ನಿಂತಿರುವುದೆಲ್ಲ ಸ್ಥಾವರ ಎಂದು ಶಬ್ದಾರ್ಥವನ್ನೇ ಹಿಡಿದರೆ ಅದು ಆಗಮಕ್ಕೆ ವಿರುದ್ಧವಾಗುತ್ತದೆ. ಆದುದರಿಂದ ನಾಮಕರ್ಮದ ಉದಯವೇ ಇಲ್ಲಿ ನಿರ್ಣಾಯಕ, ಚಲನೆಯಲ್ಲ ಎಂಬುದು ಅವರ ತೀರ್ಮಾನ. ಶ್ವೇತಾಂಬರ ಪರಂಪರೆಯ ಸೂತ್ರಪಾಠದಲ್ಲಿ ಅಗ್ನಿ ವಾಯುಗಳನ್ನು ತ್ರಸದಲ್ಲಿ ಸೇರಿಸಿದ್ದಾರೆ ಎಂಬುದು ನಿಜ. ಆದರೆ ದ್ವೀಂದ್ರಿಯವು ತ್ರಸವೆಂಬುದರಲ್ಲಿ ಎರಡು ಪರಂಪರೆಗಳಿಗೂ ಭಿನ್ನಮತವಿಲ್ಲ.

ಇನ್ನು ನೋವಿನ ವಾದ. ಇದು ಈ ವಿವಾದದ ತಿರುಳು. ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಉಮಾಸ್ವಾಮಿಗಳು ಎರಡು ಅಂಗಗಳನ್ನು ಮುಂದಿಟ್ಟರು: ಮಾಡುವವನಲ್ಲಿ ಪ್ರಮಾದ, ಮಾಡಿಸಿಕೊಂಡ ಜೀವಕ್ಕೆ ಪ್ರಾಣಹಾನಿ. ಸಾಯುವ ಜೀವ ಎಷ್ಟು ನರಳಿತು ಎಂಬ ಅಳತೆಯನ್ನು ಅವರು ಮೂರನೆಯ ಅಂಗವಾಗಿ ಸೇರಿಸಲಿಲ್ಲ. ಏಕೆ ಸೇರಿಸಲಿಲ್ಲ ಎಂಬುದನ್ನು ಯೋಚಿಸಬೇಕು. ನೋವೇ ಹಿಂಸೆಯ ಅಳತೆಗೋಲಾದರೆ, ಅರಿವಳಿಕೆ ಕೊಟ್ಟು ಮಲಗಿಸಿದ ಮನುಷ್ಯನನ್ನು ಕೊಂದವನು ಹಿಂಸಕನಲ್ಲವೆಂದಾಗುತ್ತದೆ. ನಿದ್ರೆಯಲ್ಲಿರುವ ಹಸುವಿನ ತಲೆಗೆ ಒಂದೇ ಏಟು ಹಾಕಿದವನು ನಿರ್ದೋಷಿಯಾಗುತ್ತಾನೆ. ಇವುಗಳಲ್ಲಿ ಮೊದಲನೆಯದನ್ನು ಯಾವ ಧರ್ಮಶಾಸ್ತ್ರವೂ, ಯಾವ ದೇಶದ ದಂಡಸಂಹಿತೆಯೂ ಒಪ್ಪುವುದಿಲ್ಲ. ಕಸಿದುಕೊಂಡದ್ದು ಬದುಕು, ನೋವು ಆ ಕಸಿಯುವಿಕೆಯ ಜೊತೆಗೆ ಬರುವ ಇನ್ನೊಂದು ಅಪರಾಧ.

ನೋವನ್ನೇ ಗೆರೆಯಾಗಿ ಎಳೆಯ ಹೊರಟವರ ಗೆರೆ ಒಂದು ಕಡೆ ನಿಂತಿಲ್ಲ ಎಂಬುದೂ ಗಮನಿಸತಕ್ಕ ಸಂಗತಿ. ಆಸ್ಟ್ರೇಲಿಯಾದ ತತ್ತ್ವಜ್ಞ ಪೀಟರ್ ಸಿಂಗರ್ ಅವರು 1975 ರಲ್ಲಿ ಪ್ರಕಟಿಸಿದ ಪ್ರಾಣಿವಿಮೋಚನೆಯ ಗ್ರಂಥದಲ್ಲಿ ಸೀಗಡಿಗೂ ಸಿಂಪಿಗೂ ನಡುವೆ ಎಲ್ಲಿಯೋ ಗೆರೆ ಬೀಳಬಹುದೆಂದರು. 1990 ರ ಎರಡನೆಯ ಆವೃತ್ತಿಯಲ್ಲಿ, ಖಚಿತವಾಗಿ ತಿಳಿಯದಿರುವಾಗ ಸಿಂಪಿಯನ್ನೂ ಬಿಡುವುದೇ ಲೇಸೆಂದು ತಿದ್ದಿಕೊಂಡರು. ಆಮೇಲಿನ ಬರೆಹಗಳಲ್ಲಿ ಮತ್ತೆ ಸಡಿಲವಾದರು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಒಬ್ಬನೇ ವಿಚಾರವಂತನ ಜೀವಿತಕಾಲದಲ್ಲಿ ಎರಡು ಸಲ ಜಾಗ ಬದಲಿಸಿದ ಗೆರೆಯನ್ನು ನಂಬಿ ನಮ್ಮ ಮಕ್ಕಳು ಅಣುವ್ರತದ ಗೆರೆಯನ್ನು ಅಳಿಸಬೇಕೆ? ಇಂಗ್ಲೆಂಡಿನಲ್ಲಿ ಏಡಿ, ಆಕ್ಟೋಪಸ್ಸುಗಳಿಗೆ ಸಂವೇದನೆಯುಂಟೆಂದು ಕಾನೂನು ಒಪ್ಪಿದ್ದು 2022 ರಲ್ಲಿ. ಅಲ್ಲಿಯವರೆಗೆ ಏಡಿಯನ್ನು ಜೀವಂತ ಕುದಿಸುವವನಿಗೆ ಅದಕ್ಕೆ ನೋವಾಗುವುದಿಲ್ಲ ಎಂಬ ಸಮಾಧಾನವಿತ್ತು. ಚಿಪ್ಪುಜೀವಿಗಳನ್ನು ಆ ಕಾನೂನು ಇನ್ನೂ ಸೇರಿಸಿಕೊಂಡಿಲ್ಲ. ನಾಳೆ ಸೇರಿಸಿಕೊಂಡರೆ, ಇಂದು ತಿಂದವುಗಳ ಲೆಕ್ಕವನ್ನು ಯಾರಿಗೆ ಒಪ್ಪಿಸುವುದು?

ಶಾಸ್ತ್ರಕ್ಕೆ ವಿಜ್ಞಾನದಿಂದ ಪ್ರಮಾಣಪತ್ರ ಬೇಡುವವನು ನಾನಲ್ಲ. ಆದರೆ ಈ ವಿಷಯದಲ್ಲಿ ಪಟ್ಟಣದ ಮೀನುಮಾರುಕಟ್ಟೆಯೇ ಸಾಕ್ಷಿ ನುಡಿಯುತ್ತದೆ. ಮರುವಾಯಿ ಕೊಳ್ಳುವವರು ಬಾಯ್ತೆರೆದಿರುವುದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ತಟ್ಟಿದೊಡನೆ ಚಿಪ್ಪು ಮುಚ್ಚಿಕೊಂಡರೆ ಜೀವವಿದೆ, ಕೊಳ್ಳಬಹುದು. ಮುಚ್ಚದಿದ್ದರೆ ಸತ್ತಿದೆ, ಎಸೆಯಬೇಕು. ಎರಡು ಚಿಪ್ಪುಗಳನ್ನು ತೆರೆಯುವುದು ಬಿಜಾಗರಿಯಲ್ಲಿರುವ ಪಟ್ಟಿಯ ಸಹಜ ಸೆಳೆತ. ಮುಚ್ಚಿ ಹಿಡಿಯುವುದಾದರೋ ಜೀವಂತ ಸ್ನಾಯುಗಳ ಶ್ರಮ. ಕುದಿಯುವ ನೀರಿಗೆ ಹಾಕಿದಾಗ ಅದು ಬಾಯ್ದೆರೆಯುತ್ತದೆ ಎಂದರೆ, ಮುಚ್ಚಿ ಹಿಡಿಯುವ ಶ್ರಮ ಅಲ್ಲಿಗೆ ಮುಗಿಯಿತು ಎಂದರ್ಥ. ಓಡಲಾರದ, ಕೂಗಲಾರದ ಜೀವಕ್ಕೆ ಬಾಗಿಲು ಹಾಕಿಕೊಳ್ಳುವುದೊಂದೇ ರಕ್ಷಣೆ. ಸಾಯಲು ಇಷ್ಟವಿಲ್ಲವೆಂದು ಅದು ಹೇಳುವ ಭಾಷೆಯೂ ಅದೊಂದೇ. ಆ ಭಾಷೆ ಕೊಳ್ಳುವವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ತತ್ತ್ವಶಾಸ್ತ್ರ ಓದಿದವನಿಗೆ ಮಾತ್ರ ಏಕೆ ಅರ್ಥವಾಗುವುದಿಲ್ಲ?

ಬಿ 12 ಸತ್ವದ ವಿಷಯ. ಇದು ಉಪೇಕ್ಷಿಸತಕ್ಕ ಮಾತಲ್ಲ. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯವಾಗಿರುವುದರಿಂದ ವೈದ್ಯರ ಮಾತನ್ನು ಕೇಳಲೇಬೇಕು. ಆದರೆ ಆ ಸತ್ವವನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳೇ ಹೊರತು ಮರುವಾಯಿಯಲ್ಲ, ಆಕಳೂ ಅಲ್ಲ. ಔಷಧಿ ಅಂಗಡಿಯಲ್ಲಿ ದೊರೆಯುವ ಗುಳಿಗೆಗಳೂ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದಲೇ ಸಿದ್ಧವಾಗುತ್ತವೆ. ಗುಳಿಗೆಯಲ್ಲಿ ಪೂರೈಸಬಹುದಾದುದಕ್ಕೆ ತ್ರಸಜೀವವನ್ನು ಕೊಲ್ಲುವುದು ಅನಿವಾರ್ಯತೆಯೆನಿಸದು. ಗುಳಿಗೆಯ ಹೊರಕವಚ ಜೆಲಾಟಿನ್ನಿನದೇ ಎಂಬುದನ್ನು ವಿಚಾರಿಸಿ ಕೊಂಡರೆ ಸಾಕು.

ಇನ್ನೊಂದು ವಾದ ಸಂಖ್ಯೆಯದು. ಜೈನರೇ ಇಂದ್ರಿಯಗಳ ಏಣಿಯನ್ನು ಕಟ್ಟಿದವರು. ಆ ಏಣಿಯಲ್ಲಿ ಮರುವಾಯಿ ಪ್ರಾಣಿಗಳ ಪೈಕಿ ಕೊನೆಯ ಮೆಟ್ಟಿಲು. ಮಾಂಸ ತಿನ್ನುವವನು ಕುರಿ ಕೋಳಿಯಿಂದ ಮರುವಾಯಿಗೆ ಇಳಿದರೆ ಒಳ್ಳೆಯದೇ ಅಲ್ಲವೆ ಎಂದು ಕೇಳುತ್ತಾರೆ. ಏಣಿ ಇರುವುದು ತಿನ್ನುವವನು ಹಿಂಸೆಯಿಂದ ಕ್ರಮವಾಗಿ ಹೊರಬರಲೆಂದು. ಈಗಾಗಲೇ ಕೆಳಗೆ ನಿಂತು ಸೊಪ್ಪು ಧಾನ್ಯಗಳಿಂದ ಬದುಕುತ್ತಿರುವ ಕುಟುಂಬದ ಹುಡುಗ ಒಂದು ಮೆಟ್ಟಿಲು ಮೇಲೆ ಹತ್ತುವುದಕ್ಕೆ ಅದೇ ಏಣಿಯನ್ನು ತೋರಿಸುವುದು ವಿಪರೀತ. ಎಣಿಕೆಯಿಂದ ಹಿಂಸೆಯನ್ನು ಸಮರ್ಥಿಸುವ ಪ್ರಯತ್ನವೂ ಹೊಸದಲ್ಲ. ಸೂತ್ರಕೃತಾಂಗದಲ್ಲಿ ಆರ್ದ್ರಕನು ಹಸ್ತಿತಾಪಸರನ್ನು ಎದುರಿಸುವ ಪ್ರಸಂಗ ವಾಚಕರಿಗೆ ತಿಳಿದಿರಬಹುದು. ಅನೇಕ ಸಣ್ಣ ಜೀವಗಳನ್ನು ಉಳಿಸಲು ವರ್ಷಕ್ಕೊಂದು ಆನೆಯನ್ನು ಕೊಂದು ತಿನ್ನುವೆವು ಎಂದವರು ಅವರು. ಒಂದು ದೊಡ್ಡದನ್ನು ಕೊಂದು ಹಲವು ಸಣ್ಣವನ್ನು ಉಳಿಸುವೆನೆಂಬುದೂ, ದೊಡ್ಡದನ್ನು ಉಳಿಸಲು ಸಣ್ಣವನ್ನು ರಾಶಿ ರಾಶಿಯಾಗಿ ಕೊಲ್ಲುವೆನೆಂಬುದೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಕೊಲ್ಲುವ ಸಂಕಲ್ಪ ಎರಡರಲ್ಲಿಯೂ ಉಳಿದೇ ಇದೆ.

ಆ ರಾಶಿ ಎಷ್ಟು ದೊಡ್ಡದೆಂಬುದನ್ನೂ ನೋಡೋಣ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಇದೇ ಪಾಫಿಯಾ ಜಾತಿಯ ಚಿಪ್ಪುಜೀವಿಗಳ ದೊಡ್ಡ ಉದ್ಯಮವಿದೆ. ಆಗ್ನೇಯ ಏಷ್ಯದ ದೇಶಗಳಿಂದ ಬೇಡಿಕೆ ಬಂದ ಮೇಲೆ 1980 ರ ದಶಕದಲ್ಲಿ ಅದು ಬೆಳೆಯಿತು. 1991 ರ ಹೊತ್ತಿಗೆ ವರ್ಷಕ್ಕೆ ಸುಮಾರು 10,000 ಟನ್ನು ತೆಗೆಯುವವರೆಗೆ ಹೋಯಿತು. 1993 ರಲ್ಲಿ ಅದು ಅರ್ಧಕ್ಕೆ ಕುಸಿಯಿತು. ತೆಗೆಯಲು ಸಾಕಷ್ಟು ಜೀವಿಗಳು ಉಳಿದಿರಲಿಲ್ಲ. ಆ ಮೇಲೆ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯ ಸಲಹೆಯಂತೆ ನಿಯಮಗಳು ಬಂದವು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಂತಾನೋತ್ಪತ್ತಿಯ ಕಾಲದಲ್ಲಿ ತೆಗೆಯಕೂಡದು; ಬಲೆಯ ಕಣ್ಣು ಸಣ್ಣದಾಗಿರಕೂಡದು; ಯಂತ್ರ ಬಳಸಕೂಡದು; ಕಿಲೋ ಒಂದಕ್ಕೆ 1400 ಕ್ಕಿಂತ ಹೆಚ್ಚು ಎಣಿಕೆ ಬರುವಷ್ಟು ಸಣ್ಣ ಮಾಂಸವನ್ನು ರಫ್ತು ಮಾಡಕೂಡದು. ಈ ನಿಯಮಗಳ ಫಲವಾಗಿ 2014 ರ ನವೆಂಬರಿನಲ್ಲಿ ಮರೀನ್ ಸ್ಟೂವರ್ಡ್‌ಷಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಅದಕ್ಕೆ ದೊರೆಯಿತು. ಭಾರತದ ಮೀನುಗಾರಿಕೆಯೊಂದಕ್ಕೆ ಅದು ದೊರೆತದ್ದು ಅದೇ ಮೊದಲು.

ಕಿಲೋ ಒಂದಕ್ಕೆ 1400 ಎಂಬ ಅಂಕಿಯನ್ನು ವಾಚಕರು ಸ್ವಲ್ಪ ನಿಂತು ಓದಬೇಕು. ನಿಯಮ ಒಪ್ಪುವ ಅತಿ ಸಣ್ಣ ಗಾತ್ರದಲ್ಲಿ ಒಂದು ಕಿಲೋ ಮಾಂಸವೆಂದರೆ 1400 ಜೀವಗಳು, ಒಂದು ಟನ್ನೆಂದರೆ 14 ಲಕ್ಷ. ಒಂದು ಊಟದ ಪಲ್ಯಕ್ಕೆ ನೂರಾರು ಪ್ರಾಣಗಳು. ಕುರಿಯೊಂದನ್ನು ಕೊಂದ ಮನೆಯಲ್ಲಿ ಸತ್ತದ್ದು ಒಂದು ಎಂಬುದಾದರೂ ಗೊತ್ತಿರುತ್ತದೆ. ಇಲ್ಲಿ ಎಣಿಸುವವರೂ ಇಲ್ಲ.

ಇಂತಹ ಪ್ರಮಾಣಪತ್ರ ಬಂದೊಡನೆ ನಮ್ಮ ತರುಣರು ಅದನ್ನೇ ಧರ್ಮದ ಮುದ್ರೆಯೆಂದು ತಿಳಿಯುತ್ತಾರೆ. ಅದು ಏನನ್ನು ಪ್ರಮಾಣಿಸುತ್ತದೆ? ಮುಖ್ಯವಾಗಿ, ಮುಂದಿನ ವರ್ಷವೂ ತೆಗೆಯಲು ಸಾಕಷ್ಟು ಉಳಿಯುತ್ತವೆ ಎಂಬುದನ್ನು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಮೂಲಧನ ಕರಗದಂತೆ ಬಡ್ಡಿಯನ್ನಷ್ಟೇ ತಿನ್ನುತ್ತಿದ್ದೇವೆ ಎಂಬ ಲೆಕ್ಕಪರಿಶೋಧಕರ ವರದಿ ಅದು. ವರದಿ ಸರಿಯಾಗಿಯೇ ಇರಬಹುದು. ಅದರಿಂದ ಹೊಳೆಗೂ ಮೀನುಗಾರರಿಗೂ ಪ್ರಯೋಜನವಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಖಾತೆಯಲ್ಲಿ ಜಾತಿಗೆ ಮಾತ್ರ ಪುಟವಿದೆ, ಜೀವಕ್ಕೆ ಪುಟವಿಲ್ಲ. ನಮ್ಮ ಶಾಸ್ತ್ರ ಬರೆಸುವ ಖಾತೆಯಲ್ಲಿ ಒಂದೊಂದು ಜೀವಕ್ಕೂ ಒಂದೊಂದು ಪುಟ. ಕರ್ಮ ಬಂಧಿಸುವುದು ಜಾತಿಯ ಲೆಕ್ಕದಲ್ಲಲ್ಲ.

ಇಲ್ಲಿಯವರೆಗೆ ಓದಿದ ಹಿರಿಯರು ಸಂತೋಷಪಟ್ಟಿರಬಹುದು. ಇನ್ನು ಮುಂದಿನದು ಅವರಿಗೆ.

ಮರುವಾಯಿಯ ಮಾಂಸ ಅಡಿಗೆಮನೆಗೆ ಹೋದ ಮೇಲೆ ಚಿಪ್ಪು ಎಲ್ಲಿಗೆ ಹೋಗುತ್ತದೆ? ಸುಣ್ಣದ ಭಟ್ಟಿಗೆ ಹೋಗುತ್ತದೆ, ಕೋಳಿಗಳ ಆಹಾರಕ್ಕೆ ಹೋಗುತ್ತದೆ, ಕಾರ್ಖಾನೆಗಳಿಗೆ ಹೋಗುತ್ತದೆ. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಚೆನ್ನಾಗಿ ಸುಟ್ಟರೆ 100 ಕಿಲೋಗೆ 56 ಕಿಲೋದಷ್ಟು ಸುಟ್ಟ ಸುಣ್ಣ ದೊರೆಯುತ್ತದೆ. ನೀರು ಹಾಕಿ ಅರಳಿಸಿದರೆ ಬೆಣ್ಣೆಯಂತಹ ಬಿಳಿ ಸುಣ್ಣ. ಕರಾವಳಿಯಲ್ಲಿ ವೀಳ್ಯದೆಲೆಗೆ ಹಚ್ಚುವುದೂ ಗೋಡೆಗೆ ಬಳಿಯುವುದೂ ಬಹುಕಾಲದಿಂದ ಚಿಪ್ಪಿನ ಸುಣ್ಣವೇ. ಈಚೆಗೆ ಹಳೆಯ ಕಟ್ಟಡಗಳಿಗೆ ಸಿಮೆಂಟು ಹೊಂದುವುದಿಲ್ಲವೆಂದು ಗಾರೆಯ ಕೆಲಸಕ್ಕೆ ಮತ್ತೆ ಬೆಲೆ ಬಂದ ಮೇಲೆ, ಜೀರ್ಣೋದ್ಧಾರದ ದರಪಟ್ಟಿಗಳಲ್ಲಿ ಚಿಪ್ಪಿನ ಸುಣ್ಣದ ಹೆಸರು ಪುನಃ ಕಾಣಿಸಿಕೊಳ್ಳತೊಡಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ಜೀರ್ಣೋದ್ಧಾರ ಸಮಿತಿಯಲ್ಲಿ ಇಂತಹ ದರಪಟ್ಟಿ ಬಂದಾಗ ನಾನು ಆಕ್ಷೇಪ ಎತ್ತಿದೆನು. "ಸತ್ತ ಚಿಪ್ಪು ತಾನೆ, ನಾವೇನು ಕೊಂದೆವೆ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಉಳಿದವರು ತಲೆದೂಗಿದರು. ಸುಣ್ಣಕಲ್ಲಿನ ಸುಣ್ಣವನ್ನು ತರಿಸಬಹುದೆಂಬ ನನ್ನ ಸಲಹೆ ಸಾಗಾಣಿಕೆಯ ಖರ್ಚು ಹೆಚ್ಚೆಂಬ ಕಾರಣದಿಂದ ಬಿದ್ದುಹೋಯಿತು. ಆ ಬಸದಿಯ ಹೆಸರನ್ನು ಹೇಳುವುದು ಉಚಿತವಲ್ಲ, ಅಗತ್ಯವೂ ಇಲ್ಲ. ಏಕೆಂದರೆ ಆ ಮಾತು ಅಲ್ಲಿಗೆ ಮಾತ್ರ ಸೀಮಿತವಾದುದಲ್ಲ. ಸಭೆಯಲ್ಲಿ ಹೇಳಲು ಅವಕಾಶ ದೊರೆಯದ ಉತ್ತರವನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ವಾಣಿಜ್ಯಶಾಸ್ತ್ರ ಓದಿದ ಯಾವನಿಗಾದರೂ ಉಪೋತ್ಪನ್ನವೆಂದರೇನೆಂದು ಗೊತ್ತಿರುತ್ತದೆ. ಮುಖ್ಯ ಸರಕನ್ನು ತಯಾರಿಸುವಾಗ ಜೊತೆಯಲ್ಲಿ ಬರುವ ಇನ್ನೊಂದು ಸರಕನ್ನು ಮಾರಿ ಬಂದ ಹಣವನ್ನು ಮುಖ್ಯ ಸರಕಿನ ಖರ್ಚಿನಿಂದ ಕಳೆಯುತ್ತೇವೆ. ಒಂದು ಮೂಟೆ ಮರುವಾಯಿ ತೆಗೆದು ಸಾಗಿಸಲು 100 ರೂಪಾಯಿ ತಗಲುತ್ತದೆಂದು ಊಹಿಸಿಕೊಳ್ಳಿ. ಮಾಂಸಕ್ಕೆ 90 ರೂಪಾಯಿ, ಚಿಪ್ಪಿಗೆ 20 ರೂಪಾಯಿ ಬಂದರೆ 10 ರೂಪಾಯಿ ಲಾಭ. ಚಿಪ್ಪಿಗೆ ಗಿರಾಕಿಯೇ ಇಲ್ಲವಾದರೆ 10 ರೂಪಾಯಿ ನಷ್ಟ, ಆ ಮೂಟೆ ಕೆಸರಿನಲ್ಲಿಯೇ ಉಳಿಯುತ್ತದೆ. ಚಿಪ್ಪು ಕೊಂಡವನ 20 ರೂಪಾಯಿಯೇ ಆ ಮೂಟೆಯ ಜೀವ ತೆಗೆಯಿತು. ಎಲ್ಲ ಮೂಟೆಗಳಿಗೂ ಇದೇ ಲೆಕ್ಕ ಅನ್ವಯಿಸುವುದಿಲ್ಲವೆನ್ನಿ. ಆದರೆ ಕೆಲವಕ್ಕಾದರೂ ಅನ್ವಯಿಸದೆ ಇರದು. ದಿನವೆಲ್ಲ ಇಂತಹ ಲೆಕ್ಕಗಳನ್ನೇ ಮಾಡಿ ಅಂಗಡಿ ನಡೆಸುವ ನಾವು ಬಸದಿಯ ಸಭೆಯಲ್ಲಿ ಕುಳಿತಾಗ ಮಾತ್ರ ಲೆಕ್ಕ ತಿಳಿಯದವರಂತೆ ವರ್ತಿಸುವುದು ನಂಬತಕ್ಕ ಸಂಗತಿಯಲ್ಲ.

ನಮ್ಮ ಆಚಾರ್ಯರಿಗೆ ಈ ಲೆಕ್ಕ ತಿಳಿದಿತ್ತು. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದ್ದು ಇದಕ್ಕಾಗಿಯೇ. ಶ್ರಾವಕನು ತೊರೆಯಬೇಕಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯವೆಂಬುದೊಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ದಂತವನ್ನಷ್ಟೇ ಹೇಳದೆ, ತ್ರಸಜೀವಿಗಳ ಕೂದಲು, ಉಗುರು, ಎಲುಬು, ಚರ್ಮ ಮೊದಲಾದವುಗಳನ್ನು ಅವು ದೊರೆಯುವ ಮೂಲಸ್ಥಾನದಲ್ಲಿಯೇ ವ್ಯಾಪಾರಕ್ಕಾಗಿ ಕೊಳ್ಳುವುದನ್ನೂ ಸೇರಿಸಿದರು. ಮೂಲಸ್ಥಾನದಲ್ಲಿ ಎಂಬ ವಿಶೇಷಣವನ್ನು ಗಮನಿಸಬೇಕು. ಕೊಳ್ಳುವವನು ಅಲ್ಲಿ ಬಂದು ನಿಂತನೆಂದರೆ ಕೊಲ್ಲುವವನು ಹೊರಡುತ್ತಾನೆ. ಅಳಿವೆಯ ದಡದಿಂದ ನೇರವಾಗಿ ಲಾರಿಯಲ್ಲಿ ಚಿಪ್ಪು ತರಿಸುವ ಸಮಿತಿ ನಿಂತಿರುವುದು ಆ ಸ್ಥಾನದಲ್ಲಿಯೇ.

ಹಳೆಯ ಚಿಪ್ಪಿನ ನಿಕ್ಷೇಪಗಳಿಂದ ತೆಗೆದುದಾದರೆ ದೋಷವಿಲ್ಲವಷ್ಟೆ ಎಂದು ಕೇಳಬಹುದು. ಹೊಳೆಬಾಯಿಗಳ ತಳದಲ್ಲಿ ಬಹುಕಾಲದ ಹಿಂದೆ ಸತ್ತ ಚಿಪ್ಪುಗಳ ದಪ್ಪ ಪದರಗಳಿರುವುದು ನಿಜ. ಆದರೆ ಅವುಗಳ ಮೇಲಿನ ಕೆಸರಿನಲ್ಲಿಯೇ ಇಂದಿನ ಜೀವಂತ ಮರುವಾಯಿಗಳೂ ಅವುಗಳ ಮರಿಗಳೂ ನೆಲೆಸಿರುತ್ತವೆ. ತಳವನ್ನು ಅಗೆದು ಸತ್ತುದನ್ನು ಎತ್ತುವಾಗ ಬದುಕಿರುವುದು ಉಳಿಯುವುದಿಲ್ಲ. ಕಲಕಿದ ಕೆಸರು ಸುತ್ತಲಿನವುಗಳ ಉಸಿರನ್ನೂ ಕಟ್ಟಿಸುತ್ತದೆ. ಸುಣ್ಣಕಲ್ಲೂ ಪ್ರಾಚೀನ ಸಮುದ್ರಜೀವಿಗಳ ಅವಶೇಷವೇ ಅಲ್ಲವೆ ಎಂಬ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. ಬಾಗಲಕೋಟೆ, ಕಲಬುರ್ಗಿ ಕಡೆಯ ಸುಣ್ಣಕಲ್ಲಿನ ಮೇಲೆ ಇಂದು ಮರುವಾಯಿ ಬದುಕುತ್ತಿಲ್ಲ. ಅದನ್ನು ಕೊಂಡದ್ದರಿಂದ ನಾಳೆ ಯಾವ ಸಿಂಪಿಯನ್ನೂ ಯಾರೂ ಕೊಲ್ಲುವುದಿಲ್ಲ. ಗಣಿಯಲ್ಲಿ ಪೃಥ್ವೀಕಾಯಿಕ ಜೀವಗಳ ಹಾನಿಯಿದೆ ಎಂಬುದನ್ನು ಒಪ್ಪುತ್ತೇನೆ; ಅದು ಗೃಹಸ್ಥನಿಗೆ ಬಿಟ್ಟಿರುವ ಏಕೇಂದ್ರಿಯಗಳ ವಲಯ.

ಪೂರ್ವಿಕರೂ ಬಳಸುತ್ತಿದ್ದರು ಎಂಬುದು ಕೊನೆಯ ಆಶ್ರಯ. 1430 ರಲ್ಲಿ ಕಟ್ಟಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ 1586 ರ ಕಾರ್ಕಳದ ಚತುರ್ಮುಖ ಬಸದಿಯನ್ನೂ ಕಣ್ಣಾರೆ ನೋಡಿದವರು ಈ ಮಾತನ್ನು ಹೇಳಲಾರರು. ಆ ಕಲ್ಲಿನ ಕಂಬಗಳು ಯಾವ ಸುಣ್ಣವನ್ನೂ ಬೇಡುವುದಿಲ್ಲ. ಸುಣ್ಣ ಬಳಿದು ಬೆಳ್ಳಗೆ ಕಾಣಿಸಬೇಕೆಂಬ ಹಂಬಲ ನಮ್ಮದು. ಪೂರ್ವಿಕರು ಒಂದುವೇಳೆ ಬಳಸಿದ್ದರೆ, ಅವರಿಗೆ ಬೇರೆ ಸುಣ್ಣವನ್ನು ಘಟ್ಟದ ಮೇಲಿನಿಂದ ಎತ್ತಿನ ಬೆನ್ನ ಮೇಲೆ ಹೇರಿ ತರಬೇಕಾಗಿತ್ತು. ನಮಗೆ ಲಾರಿಯಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಈ ಚರ್ಚೆ ಮರುವಾಯಿ ಹೆಕ್ಕುವ ಬಡವರ ಮೇಲಿನ ತಿರಸ್ಕಾರವಾಗಿ ಪರಿಣಮಿಸಕೂಡದು. ಕುಮಟಾ ಬಳಿಯ ಅಘನಾಶಿನಿಯ ಅಳಿವೆಯಲ್ಲಿ ನೀರಿಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಕೆಸರಿನಲ್ಲಿ ಬಳಚು ಹೆಕ್ಕುತ್ತಾರೆ. ಗಂಡಸರು ದೋಣಿಯಿಂದಿಳಿದು ಮುಳುಗಿ ತೆಗೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008 ರಲ್ಲಿ ಮಾಡಿದ ಅಂದಾಜಿನಂತೆ ಆ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ನು ಚಿಪ್ಪುಜೀವಿಗಳು ಹೊರಬರುತ್ತಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ನೇರ ಜೀವನೋಪಾಯವಾಗಿತ್ತು. 2024 ರ ಜನವರಿಯಲ್ಲಿ ಆ ಅಳಿವೆ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಹೊಟ್ಟೆಗಾಗಿ ಕೆಸರಿನಲ್ಲಿ ನಿಂತವರಿಗೆ ಹವಾನಿಯಂತ್ರಿತ ಸಭಾಭವನದಿಂದ ಅಹಿಂಸೆಯನ್ನು ಬೋಧಿಸುವುದು ನಮಗೆ ಶೋಭಿಸುವುದಿಲ್ಲ, ಅದೂ ಅವರ ಚಿಪ್ಪನ್ನು ನಾವೇ ಕೊಳ್ಳುತ್ತಿರುವಾಗ. ಅಷ್ಟಮುಡಿಯ ಮೀನುಗಾರರು ವರ್ಷದಲ್ಲಿ ಮೂರು ತಿಂಗಳು ಕೈಕಟ್ಟಿ ಕುಳಿತುಕೊಳ್ಳುವ ನಿಯಮವನ್ನು ಒಪ್ಪಿಕೊಂಡರು. ಅದು ಅಹಿಂಸಾವ್ರತವಲ್ಲದಿರಬಹುದು, ಆದರೂ ಸಂಯಮವೇ. ಕೆಲವು ಸಾವಿರ ರೂಪಾಯಿ ಸಾಗಾಣಿಕೆಯ ಖರ್ಚನ್ನು ಸಹಿಸಲಾರದ ಸಮಿತಿಗಳು ಅವರಿಂದ ಕಲಿಯುವುದಿದೆ.

ತಿನ್ನದೆಯೂ ಕೊಲ್ಲಬಹುದೆಂಬುದಕ್ಕೆ ಪಕ್ಕದ ಶರಾವತಿಯೇ ನಿದರ್ಶನ. ಅದರ ದಡದ ಗೇರುಸೊಪ್ಪೆಯಲ್ಲಿ ನಮ್ಮ ಚತುರ್ಮುಖ ಬಸದಿ ನಿಂತಿದೆ. ಮೆಣಸಿನ ವ್ಯಾಪಾರದಿಂದ ಹೆಸರಾದ ಜೈನರಾಣಿ ಚೆನ್ನಭೈರಾದೇವಿ ಆಳಿದ ನಾಡು ಅದು. 1964 ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿಯುತ್ತಿರುವುದರಿಂದ ಆ ಹೊಳೆಯ ಬಾಯಿಯಲ್ಲಿ ಉಪ್ಪು ತಗ್ಗಿತು. ಉಪ್ಪು ಬೇಡುವ ಚಿಪ್ಪುಜೀವಿಗಳು ಅಲ್ಲಿ ಕ್ಷೀಣಿಸಿದವು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿದ್ದವು. ಬಸದಿಯ ಶಿಖರಕ್ಕೆ ರಾತ್ರಿಯೆಲ್ಲ ದೀಪಮಾಲೆ ಉರಿಸುವ ಟ್ರಸ್ಟುಗಳು ಆ ವಿದ್ಯುತ್ತು ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಬೇಕು. ದೀಪವನ್ನೇ ಆರಿಸಿರೆಂದು ನಾನು ಹೇಳುವುದಿಲ್ಲ. ಬೇಡದಿರುವಾಗ ಉರಿಸುವುದು ಪ್ರಮಾದವೆಂದು ಮಾತ್ರ ಹೇಳುತ್ತೇನೆ.

ತರುಣರು ಈ ವಾದಕ್ಕೆ ಸುಲಭವಾಗಿ ಒಲಿಯಲು ಕಾರಣವೇನು? ನಮ್ಮ ಪಾಠಶಾಲೆಗಳಲ್ಲಿ ಮಕ್ಕಳು ದ್ವೀಂದ್ರಿಯಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಶಂಖ ಎಂದಾಗ ಅವರ ಕಣ್ಣಮುಂದೆ ಬರುವುದು ಪೂಜಾಸಾಮಗ್ರಿ; ಸಿಂಪಿ ಎಂದಾಗ ಮುತ್ತಿನ ಹಾರ. ಮೀನುಮಾರುಕಟ್ಟೆಯ ಬುಟ್ಟಿಯಲ್ಲಿ ಉಸಿರಾಡುತ್ತಿರುವ ಮರುವಾಯಿಯೇ ಪಟ್ಟಿಯಲ್ಲಿರುವ ಆ ಜೀವವೆಂದು ಹೇಳಿಕೊಟ್ಟವರಿಲ್ಲ. ಹೆಸರು ಕಲಿತು ಜೀವವನ್ನು ಕಾಣದೆ ಬೆಳೆದ ಹುಡುಗನಿಗೆ, ಅದು ತರಕಾರಿಯಂತೆ ಎಂದು ಯಾರೋ ಹೇಳಿದರೆ ನಂಬುವುದು ಆಶ್ಚರ್ಯವಲ್ಲ.

ಆದುದರಿಂದ ಟ್ರಸ್ಟುಗಳ ಪದಾಧಿಕಾರಿಗಳ ಮುಂದೆ ಈ ಸಲಹೆಗಳನ್ನಿಡುತ್ತೇನೆ. ಬಸದಿಯ ಯಾವ ಕೆಲಸಕ್ಕೂ ಚಿಪ್ಪಿನ ಸುಣ್ಣವನ್ನು ಕೊಳ್ಳುವುದಿಲ್ಲವೆಂದು ನಿರ್ಣಯ ಮಾಡಿ, ದರಪಟ್ಟಿ ಕರೆಯುವ ಪ್ರಕಟಣೆಯಲ್ಲಿಯೇ ಅದನ್ನು ನಮೂದಿಸಬೇಕು. ಸುಣ್ಣ ಎಲ್ಲಿಯದೆಂದು ಮಾರುವವನಿಂದ ಬರೆಸಿಕೊಂಡು ರಸೀದಿಯೊಡನೆ ಕಡತದಲ್ಲಿಡಬೇಕು. ಸಮಾರಂಭಗಳ ತಾಂಬೂಲದ ಸುಣ್ಣಕ್ಕೂ ಇದು ಅನ್ವಯಿಸಬೇಕು. ಈಗಿರುವ ಶಂಖಗಳಿರಲಿ, ಹೊಸದನ್ನು ಕೊಳ್ಳುವುದು ಬೇಡ. ಕುಟುಂಬಗಳು ಕ್ಯಾಲ್ಸಿಯಂ ಗುಳಿಗೆಗಳನ್ನೂ ಮುಕ್ತಾಶುಕ್ತಿ, ಶಂಖ ಭಸ್ಮಗಳನ್ನೂ ಕೊಳ್ಳುವ ಮುನ್ನ ಚೀಟಿ ಓದಿ, ಬೇರೆ ಔಷಧವಿದೆಯೇ ಎಂದು ವೈದ್ಯರನ್ನು ಕೇಳಬೇಕು. ಚಿಪ್ಪುಜೀವಿಗಳ ಸಂಸ್ಕರಣೆ, ರಫ್ತುಗಳಲ್ಲಿ ಹಣ ತೊಡಗಿಸಿರುವವರು ಯಾರಾದರೂ ನಮ್ಮಲ್ಲಿದ್ದರೆ, ಆ ಲಾಭದಿಂದ ಬರುವ ದಾನವನ್ನು ಸ್ವೀಕರಿಸುವ ಮೊದಲು ಟ್ರಸ್ಟು ಅವರೊಡನೆ ಮಾತನಾಡಬೇಕು. ಫಲಕದಲ್ಲಿ ಹೆಸರು ಕೆತ್ತಿಸಿದ ಮೇಲೆ ಮಾತನಾಡಲು ಆಗುವುದಿಲ್ಲ.

ಬರುವ ದಶಲಕ್ಷಣ ಪರ್ವದ ಸರ್ವಸದಸ್ಯರ ಸಭೆಯಲ್ಲಿ ಇವುಗಳಲ್ಲಿ ಮೊದಲನೆಯದನ್ನಾದರೂ ಕಾರ್ಯಸೂಚಿಗೆ ತರಬಹುದು. ಅದಕ್ಕೆ ತಗಲುವ ಹೆಚ್ಚಿನ ಖರ್ಚು ಬಸದಿಯೊಂದರ ಒಂದು ದಿನದ ಹೂವಿನ ಅಲಂಕಾರಕ್ಕಿಂತ ಹೆಚ್ಚಾಗಲಾರದು. ಆ ನಿರ್ಣಯ ಕಡತದಲ್ಲಿ ಸೇರಿದ ದಿನ, ಮರುವಾಯಿ ತರಕಾರಿಯಲ್ಲವೇ ಎಂದು ಕೇಳುವ ಮಗನಿಗೆ ಉತ್ತರ ಹೇಳುವ ಯೋಗ್ಯತೆ ತಂದೆಗೆ ಬರುತ್ತದೆ. ಅಲ್ಲಿಯವರೆಗೆ ಮಗನು ಬಸದಿಯ ಗೋಡೆಯನ್ನು ತೋರಿಸಿ ಮರುಪ್ರಶ್ನೆ ಹಾಕಿದರೆ ತಂದೆ ಏನು ಹೇಳುತ್ತಾನೆ?